ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ‘ಸಂತೋಷ’ ಶಬ್ದದ ವಿಚಾರ

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲನಾದ ಪೌಲನ ಹೆಸರಿನಿಂದಿರುವ ಪತ್ರಿಕೆಗಳು ಹದಿಮೂರು. ಅವುಗಳಲ್ಲಿ ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದುದು ಗಾತ್ರದಲ್ಲಿ ಸಣ್ಣದು. ನಾಲ್ಕು ಅಧ್ಯಾಯ, ೧೦೪ ವಾಕ್ಯ. ಈ ಸಣ್ಣ ಪತ್ರಿಕೆಯಲ್ಲಿ ಸಂತೋಷವನ್ನು ಹೇಳುವ ಗ್ರೀಕ್ ನಾಮಪದವೂ ಅದಕ್ಕೆ ಸೇರಿದ ಕ್ರಿಯಾಪದಗಳೂ ಒಟ್ಟು ೧೬ ಸಲ ಬಂದಿವೆ. ಬರೆದವನಾದರೋ ಸೆರೆಯಲ್ಲಿದ್ದನು, ತನ್ನ ವಿಚಾರಣೆಯು ಬಿಡುಗಡೆಯಲ್ಲಿ ಮುಗಿಯುವುದೋ ಮರಣದಲ್ಲಿ ಮುಗಿಯುವುದೋ ಅವನಿಗೆ ತಿಳಿದಿರಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ಇದನ್ನು ‘ಆನಂದದ ಪತ್ರಿಕೆ’ ಎಂದು ಕರೆಯುವುದು ವಾಡಿಕೆಯಾಗಿದೆ. ಇಂಥ ವಾಡಿಕೆಯ ಹೆಸರುಗಳಿಂದ ಒಂದು ಅನರ್ಥವುಂಟು: ಗ್ರಂಥವನ್ನು ತೆರೆಯುವುದಕ್ಕೆ ಮೊದಲೇ ಅದನ್ನು ಓದಿ ಮುಗಿಸಿದೆವೆಂಬ ಭ್ರಮೆಯನ್ನು ಅವು ಹುಟ್ಟಿಸುತ್ತವೆ. ಮಗುವನ್ನು ಮಣ್ಣುಮಾಡಿ ಬಂದ ತಾಯಿಯೊಬ್ಬಳಿಗೆ ಈ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ವಾಕ್ಯವೊಂದನ್ನು ಎತ್ತಿ ಹೇಳಿ, ಅಳುವುದು ವಿಶ್ವಾಸಕ್ಕೆ ಕುಂದೆಂದು ಬುದ್ಧಿಹೇಳಿದುದನ್ನು ಈ ಲೇಖಕನು ಕಿವಿಯಾರೆ ಕೇಳಿದ್ದಾನೆ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಪತ್ರಿಕೆಯು ನಿಜವಾಗಿಯೂ ಹಾಗೆ ಹೇಳುವುದೇ? ಇದು ಭಕ್ತಿಯ ಪ್ರಶ್ನೆಯಾಗುವುದಕ್ಕೆ ಮೊದಲು ಶಬ್ದಾರ್ಥದ ಪ್ರಶ್ನೆ; ಆದುದರಿಂದ ಸಾಹಿತ್ಯವನ್ನು ಪಾಠಹೇಳುವವರ ಪರಿಶೀಲನೆಗೂ ತಕ್ಕುದಾಗಿದೆ.

ಮೊದಲು ಸನ್ನಿವೇಶವನ್ನು ತಿಳಿಯಬೇಕು. ಫಿಲಿಪ್ಪಿಯು ಮಕೆದೋನ್ಯ ದೇಶದ ಪಟ್ಟಣ. ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನು ಕ್ರಿ.ಪೂ. ೩೫೬ರಲ್ಲಿ ಅದನ್ನು ಹಿಡಿದು ತನ್ನ ಹೆಸರಿಟ್ಟನು. ಕ್ರಿ.ಪೂ. ೪೨ರಲ್ಲಿ ಬ್ರೂಟಸ್ ಮತ್ತು ಕ್ಯಾಸಿಯಸ್ಸರು ಸೋತುದು ಅದರ ಹೊರಬಯಲಿನಲ್ಲಿ. ಆ ಮೇಲೆ ಯುದ್ಧದಿಂದ ನಿವೃತ್ತರಾದ ಸೈನಿಕರನ್ನು ಅಲ್ಲಿ ನೆಲೆಗೊಳಿಸಿ ಅದನ್ನು ರೋಮಿನ ವಸಾಹತನ್ನಾಗಿ ಮಾಡಿದರು. ಅಲ್ಲಿಯ ಪೌರರಿಗೆ ರೋಮಿನ ಪೌರತ್ವವೇ ದೊಡ್ಡ ಹೆಮ್ಮೆ. ಸುಮಾರು ಕ್ರಿ.ಶ. ೪೯-೫೦ರಲ್ಲಿ ಪೌಲನು ಅಲ್ಲಿಗೆ ಹೋದನು. ಥುವತೈರ ಊರಿನವಳಾದ ಲುದ್ಯಳೆಂಬ ಧೂಮ್ರವರ್ಣದ ಬಟ್ಟೆಯ ವ್ಯಾಪಾರಗಾರಳು ಮೊದಲು ಅವನ ಬೋಧೆಯನ್ನು ಒಪ್ಪಿದಳು. ಬಳಿಕ ಅವನಿಗೂ ಅವನ ಜತೆಯ ಸೀಲನಿಗೂ ಛಡಿಯೇಟು ಬಿದ್ದು, ಕಾಲಿಗೆ ಕೋಳ ಬಿದ್ದು, ನಡುರಾತ್ರಿಯಲ್ಲಿ ಅವರು ದೇವಸ್ತುತಿಯನ್ನು ಹಾಡುತ್ತಿದ್ದುದನ್ನು ಅಪೊಸ್ತಲರ ಕೃತ್ಯಗಳ ೧೬ನೆಯ ಅಧ್ಯಾಯವು ವರ್ಣಿಸುತ್ತದೆ. ಎಂದರೆ ಸೆರೆಯಲ್ಲಿ ಸಂತೋಷಪಡುವ ಮನುಷ್ಯನು ಫಿಲಿಪ್ಪಿಯವರಿಗೆ ಹೊಸಬನಲ್ಲ. ತಮ್ಮ ಊರಿನ ಸೆರೆಮನೆಯಲ್ಲಿಯೇ ಅವನನ್ನು ಅವರು ಕಂಡಿದ್ದರು.

ಈ ಪತ್ರಿಕೆಯನ್ನು ಬರೆದ ಸೆರೆಯು ಯಾವ ಊರಿನದೆಂಬುದರಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವಿದೆ. ಕೈಸರನ ಮನೆಯವರ ಮಾತು ಬಂದಿರುವುದರಿಂದ ರೋಮ್ ಎಂದು ಹಿಂದಿನಿಂದ ಬಂದ ಮತ. ಹಾಗಾದರೆ ಕಾಲವು ಸುಮಾರು ಕ್ರಿ.ಶ. ೬೦ರಿಂದ ೬೨. ಎಫೆಸವೆಂದೂ ಕೈಸರೈಯವೆಂದೂ ಹೇಳುವವರುಂಟು. ನಮ್ಮ ವಿಚಾರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ರೋಮಿನವರಲ್ಲಿ ಸೆರೆಯು ಸಾಮಾನ್ಯವಾಗಿ ಶಿಕ್ಷೆಯಾಗಿರಲಿಲ್ಲ. ತೀರ್ಪಿಗಾಗಿ ಕಾಯಿಸುವ ಏರ್ಪಾಡಾಗಿತ್ತು. ಸೆರೆಯಾಳಿನ ಅನ್ನಬಟ್ಟೆಗಳು ಬಹುಮಟ್ಟಿಗೆ ಅವನ ಬಂಧುಮಿತ್ರರ ಕೈಯಲ್ಲಿದ್ದುವು. ಆದಕಾರಣ ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಕಳುಹಿಸಿದ ಸಹಾಯವು ಮರ್ಯಾದೆಯ ಕಾಣಿಕೆಯಲ್ಲ, ಜೀವನಾಧಾರ.

ಇನ್ನು ಶಬ್ದ. ಗ್ರೀಕಿನ ನಾಮಪದ ‘ಖರಾ’, ಕ್ರಿಯಾಪದ ‘ಖೈರೊ’. ಸಂಸ್ಕೃತಜ್ಞರು ನಗಬಾರದು, ಕತ್ತೆಗೂ ಇದಕ್ಕೂ ಸಂಬಂಧವಿಲ್ಲ. ಭಾಷಾಶಾಸ್ತ್ರಜ್ಞರು ಇದಕ್ಕೆ ಸಮಾನವೆಂದು ತೋರಿಸುವುದು ವೇದದ ‘ಹರ್ಯತಿ’ ಎಂಬ ಕ್ರಿಯಾರೂಪವನ್ನು: ಬಯಸು, ಒಲಿ, ಮೆಚ್ಚು ಎಂದು ಅರ್ಥ. ನಮ್ಮ ‘ಹರ್ಷ’ವು ಕಿವಿಗೆ ಹತ್ತಿರವಾದರೂ ಅದರ ಧಾತು ಬೇರೆ, ಅದು ರೋಮವು ನಿಮಿರುವುದನ್ನು ಹೇಳುವ ಧಾತು, ‘ರೋಮಹರ್ಷಣ’ವೆಂಬ ಸಮಾಸದಲ್ಲಿ ಇಂದಿಗೂ ಆ ಹಳೆಯ ಅರ್ಥವು ನಿಂತಿದೆ. ಹರ್ಷವು ಬಂದು ಹೋಗುವ ವಸ್ತು. ಖರಾ ಶಬ್ದದ ಬೇರಿನಲ್ಲಿರುವುದಾದರೋ ಒಲವು. ಕೃಪೆಯನ್ನು ಹೇಳುವ ‘ಖಾರಿಸ್’ ಎಂಬುದೂ ಅದೇ ಬೇರಿನದು.

ಗ್ರೀಕರು ಒಬ್ಬರನ್ನೊಬ್ಬರು ಕಂಡಾಗ ಹೇಳುತ್ತಿದ್ದ ವಂದನೆಯೂ ‘ಖೈರೆ’, ಸಂತೋಷದಿಂದಿರು ಎಂಬುದೇ. ಓಲೆಗಳ ಮೊದಲಲ್ಲಿ ಅದರ ಭಾವರೂಪವನ್ನು ಬರೆಯುವುದು ಪದ್ಧತಿ. ನಮ್ಮ ಹಿರಿಯರು ‘ಉಭಯಕುಶಲೋಪರಿ’ ಎಂದು ಬರೆದು ಮುಂದಕ್ಕೆ ಹೋಗುವಾಗ ಕುಶಲದ ವಿಚಾರವನ್ನು ಎಷ್ಟು ಮಾಡುತ್ತಿದ್ದರೋ, ಗ್ರೀಕರು ಸಂತೋಷದ ವಿಚಾರವನ್ನು ಅಷ್ಟೇ ಮಾಡುತ್ತಿದ್ದರು. ಪೌಲನು ತನ್ನ ಪತ್ರಿಕೆಗಳ ಆರಂಭದಲ್ಲಿ ಈ ಸವೆದ ಮಾತನ್ನು ತೆಗೆದು ಅದರ ಸ್ಥಾನದಲ್ಲಿ ಕೃಪೆ ಎಂಬ ಅದರ ಸೋದರಶಬ್ದವನ್ನಿಟ್ಟನು. ಬಳಿಕ ಫಿಲಿಪ್ಪಿಯವರಿಗೆ ಬರೆಯುವಾಗ, ಆರಂಭದಲ್ಲಿ ಬಿಟ್ಟ ಆ ಕ್ರಿಯಾಪದವನ್ನೇ ನಡುವೆಯೂ ಕೊನೆಯ ಭಾಗದಲ್ಲಿಯೂ ವಿಧಿರೂಪದಲ್ಲಿ ತಂದು, ಒಮ್ಮೆ ಹೇಳಿದುದನ್ನು ಮತ್ತೊಮ್ಮೆ ಹೇಳುತ್ತೇನೆಂದು ಒತ್ತಿ ಬರೆದನು. ಉಪಚಾರದ ಮಾತಿಗೆ ಪ್ರಾಣವನ್ನು ಮರಳಿ ಕೊಟ್ಟಂತಾಯಿತು. ಆ ಸ್ಥಳಗಳಲ್ಲಿ ಅದು ಬರಿಯ ಬೀಳ್ಕೊಡುಗೆಯ ಮಾತೆಂದು ಕೆಲವರು ಅರ್ಥಮಾಡಿರುವರು. ‘ಯಾವಾಗಲೂ’ ಎಂಬ ವಿಶೇಷಣವು ಜತೆಯಲ್ಲಿರುವ ಕಡೆ ಆ ಅರ್ಥವು ನನಗೆ ಒಪ್ಪಿಗೆಯಾಗುವುದಿಲ್ಲ. ಯಾವಾಗಲೂ ಬೀಳ್ಕೊಳ್ಳುತ್ತಿರುವುದು ಹೇಗೆ?

ಕನ್ನಡದಲ್ಲಿ ಈ ಕೆಲಸವನ್ನು ಮೊದಲು ಕೈಕೊಂಡವರಲ್ಲಿ ಮುಖ್ಯರು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಅವರ ಶ್ರಮದಿಂದ ೧೮೩೧ರ ವೇಳೆಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಮುಂದೆ ಬಾಸೆಲ್ ಮಿಷನ್ನಿನ ಪಂಡಿತರೂ ಅದನ್ನು ತಿದ್ದಿದರು. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ನಮ್ಮ ಪತ್ರಿಕೆಯ ಈ ಶಬ್ದಕ್ಕೆ ಬಹುಮಟ್ಟಿಗೆ ‘ಸಂತೋಷ’ವೆಂಬ ಪದವಿದೆ. ಭಾಷಾಂತರಕಾರರ ಎದುರಿಗೆ ಆನಂದ, ಹರ್ಷ, ಉಲ್ಲಾಸ, ನಲಿವು ಎಂಬ ಪದಗಳೂ ಇದ್ದುವಷ್ಟೆ. ಆನಂದವೆಂದಿದ್ದರೆ ತೈತ್ತಿರೀಯೋಪನಿಷತ್ತಿನ ಮೀಮಾಂಸೆಯು ಹಿಂದೆಯೇ ಬರುತ್ತಿತ್ತು. ಅದು ದೊಡ್ಡ ವಸ್ತು; ಆದರೆ ಪೌಲನ ವಸ್ತುವಲ್ಲ. ‘ಸಂತೋಷ’ಕ್ಕೆ ಎರಡು ಮುಖಗಳಿವೆ. ಸಂಸ್ಕೃತದಲ್ಲಿ ಅದು ಮುಖ್ಯವಾಗಿ ತೃಪ್ತಿ. ಪತಂಜಲಿಯ ಐದು ನಿಯಮಗಳಲ್ಲಿ ಎರಡನೆಯದು, ದೊರೆತುದರಲ್ಲಿ ಸಾಕೆನ್ನುವ ಮನಸ್ಸು. ಕನ್ನಡದ ದಿನಬಳಕೆಯಲ್ಲಾದರೋ ಅದು ನಲಿವು. ನೆಂಟರು ಬಂದರೆ ಆಗುವಂಥದು. ಈ ಎರಡು ಮುಖಗಳೂ ಪತ್ರಿಕೆಗೆ ಬೇಕಾದುವೇ ಎಂಬುದು ಮುಂದೆ ಕಾಣುವುದು. ಭಾಷಾಂತರಕಾರರು ಇದನ್ನು ಯೋಚಿಸಿಯೇ ಆರಿಸಿದರೋ, ಜನರ ಬಾಯಲ್ಲಿದ್ದುದನ್ನು ಸುಮ್ಮನೆ ಎತ್ತಿಕೊಂಡರೋ, ಆಯ್ಕೆಯು ಸರಿಯಾಗಿ ಬಿದ್ದಿದೆ.

ಪೌಲನ ಕಾಲದಲ್ಲಿ ಈ ಶಬ್ದವು ತತ್ತ್ವಶಾಸ್ತ್ರದ ಪರಿಭಾಷೆಯೂ ಆಗಿತ್ತು. ಸ್ತೋಯಿಕರ ಮತದಲ್ಲಿ ಮನೋವಿಕಾರಗಳು ನಾಲ್ಕು: ಭೋಗಸುಖ, ಆಸೆ, ಭಯ, ದುಃಖ. ಜ್ಞಾನಿಯು ಇವನ್ನು ಬೇರುಸಹಿತ ಕೀಳಬೇಕು. ಕಿತ್ತ ಮೇಲೆ ಅವನು ಕಲ್ಲಾಗುವನೆಂದಲ್ಲ. ಅವನಿಗೆ ಮೂರು ಸದ್ಭಾವಗಳನ್ನು ಅವರು ಬಿಟ್ಟುಕೊಟ್ಟರು. ಭೋಗಸುಖದ ಸ್ಥಳದಲ್ಲಿ ಖರಾ, ಆಸೆಯ ಸ್ಥಳದಲ್ಲಿ ವಿವೇಕದ ಇಚ್ಛೆ, ಭಯದ ಸ್ಥಳದಲ್ಲಿ ಎಚ್ಚರಿಕೆ. ದುಃಖದ ಸ್ಥಳದಲ್ಲಿ ಏನು? ಏನೂ ಇಲ್ಲ. ವಿವೇಕದ ದುಃಖವೆಂಬುದೊಂದು ಇರಲಾರದೆಂದು ಅವರ ಸಿದ್ಧಾಂತ. ಪೌಲನ ಸಮಕಾಲೀನನಾದ ಸೆನೆಕನು ಲೂಸಿಲಿಯಸ್ಸನಿಗೆ ಬರೆದ ೨೩ನೆಯ ಓಲೆಯಲ್ಲಿ, ಸಂತೋಷಪಡುವುದನ್ನು ಕಲಿಯಬೇಕೆಂದೂ ನಿಜವಾದ ಸಂತೋಷವು ನಗೆಚಾಟಿಕೆಯಲ್ಲ, ಗಂಭೀರವಾದುದೆಂದೂ ಹೇಳುತ್ತಾನೆ. ಈ ಸೆನೆಕನ ಅಣ್ಣನೇ ಅಖಾಯದ ಅಧಿಪತಿಯಾಗಿದ್ದು, ಸುಮಾರು ಕ್ರಿ.ಶ. ೫೧-೫೨ರಲ್ಲಿ ಕೊರಿಂಥದಲ್ಲಿ ಪೌಲನ ಮೇಲೆ ತಂದ ದೂರನ್ನು ತಳ್ಳಿಹಾಕಿದ ಗಲ್ಲಿಯೋನನು. ಇಬ್ಬರ ಮಾತಿನಲ್ಲಿ ಇರುವ ಹೋಲಿಕೆಯನ್ನು ಕಂಡು, ಅವರೊಳಗೆ ಪತ್ರವ್ಯವಹಾರವೇ ನಡೆದಂತೆ ಹಿಂದಿನ ಕಾಲದವರು ಕೃತಕ ಓಲೆಗಳನ್ನು ಕಟ್ಟಿದ್ದುಂಟು. ನಮ್ಮ ವಾಚಕರಿಗೆ ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞನು ನೆನಪಿಗೆ ಬಂದಾನು. ಆ ಹೋಲಿಕೆಯು ಸೆನೆಕನಿಗೆ ಸಲ್ಲುವಷ್ಟು ಪೌಲನಿಗೆ ಸಲ್ಲದು.

ಏಕೆಂದರೆ, ಸ್ತೋಯಿಕರು ಬರಿದಾಗಿ ಬಿಟ್ಟ ಆ ನಾಲ್ಕನೆಯ ಸ್ಥಳವು ಪೌಲನ ಪತ್ರಿಕೆಯಲ್ಲಿ ತುಂಬಿದೆ. ಎಪಫ್ರೊದೀತನ ಕಥೆಯನ್ನು ನೋಡಬೇಕು. ಅವನು ಸಹಾಯದ್ರವ್ಯವನ್ನು ತಂದವನು, ಸಾಯುವಷ್ಟು ಕಾಯಿಲೆ ಬಿದ್ದನು. ಈ ಸುದ್ದಿಯು ಊರಿಗೆ ಮುಟ್ಟಿತು. ಮುಟ್ಟಿತೆಂದು ತಿಳಿದು, ತನಗಾಗಿ ಊರಿನವರು ಚಿಂತಿಸುವರಲ್ಲಾ ಎಂದು ರೋಗಿಯೇ ಚಿಂತಿಸಿದನು. (ದೂರದೇಶದಲ್ಲಿ ಕಾಯಿಲೆ ಬಿದ್ದು ಮನೆಗೆ ಕಾಗದ ಬರೆಯಿಸಿದವರು ಈ ಮನಸ್ಸನ್ನು ಬಲ್ಲರು.) ದೇವರು ಅವನ ಮೇಲೆ ಕರುಣೆಯಿಟ್ಟನು, ಅವನ ಮೇಲೆ ಮಾತ್ರವಲ್ಲ, ದುಃಖದ ಮೇಲೆ ದುಃಖವು ಬಾರದಂತೆ ತನ್ನ ಮೇಲೆಯೂ ಇಟ್ಟನೆಂದು ಪೌಲನು ಹೇಳುತ್ತಾನೆ. ದುಃಖದ ಮೇಲೆ ದುಃಖವೆಂದರೆ, ಒಂದು ದುಃಖವು ಆಗಲೇ ಇದೆಯೆಂದಾಯಿತು. ಅದನ್ನು ಅವನು ಮುಚ್ಚುವುದಿಲ್ಲ. ಇಲ್ಲಿ ಬಳಸಿದ ‘ಲೂಪೆ’ ಎಂಬ ಶಬ್ದವು ಸ್ತೋಯಿಕರು ಬಹಿಷ್ಕರಿಸಿದ ಶಬ್ದವೇ. ಇನ್ನೂ ಗಮನಿಸತಕ್ಕುದು ಮುಂದಿನ ವಾಕ್ಯ. ಅವನನ್ನು ಬೇಗ ಊರಿಗೆ ಕಳುಹಿಸುವ ಉದ್ದೇಶವನ್ನು ಹೇಳುವಾಗ, ಅವನನ್ನು ನೋಡಿ ಫಿಲಿಪ್ಪಿಯವರು ಸಂತೋಷಪಡಲೆಂದೂ ತನಗೆ ದುಃಖವು ಕಡಮೆಯಾಗಲೆಂದೂ ಬರೆಯುತ್ತಾನೆ. ದುಃಖವು ಹೋಗಲೆಂದಲ್ಲ, ಕಡಮೆಯಾಗಲೆಂದು. ಗ್ರೀಕಿನಲ್ಲಿ ಅದು ತಾರತಮ್ಯವನ್ನು ತೋರುವ ರೂಪ. ಆನಂದದ ಪತ್ರಿಕೆಯೆಂದು ಹೆಸರಾದುದರಲ್ಲಿ ಬರೆದವನು ತನಗಾಗಿ ಇಲ್ಲಿ ಕೋರುವುದು ಇಷ್ಟೆ. ಮೂರನೆಯ ಅಧ್ಯಾಯದಲ್ಲಿ ತಾನು ಅಳುತ್ತ ಬರೆಯುತ್ತಿರುವೆನೆಂದೂ ಹೇಳಿಕೊಂಡಿದ್ದಾನೆ. ಆ ಕಣ್ಣೀರಿಗೂ ನಾಲ್ಕನೆಯ ಅಧ್ಯಾಯದ ಪ್ರಸಿದ್ಧವಾದ ವಿಧಿಗೂ ನಡುವೆ ಇರುವ ವಾಕ್ಯಗಳು ಆರನ್ನು ಮೀರವು. ಮಗುವನ್ನು ಕಳೆದುಕೊಂಡ ತಾಯಿಗೆ ಆ ವಿಧಿಯನ್ನು ಓದಿದವರು ಒಂದು ಪುಟ ಹಿಂದಕ್ಕೆ ತಿರುವಿದ್ದರೆ ಚೆನ್ನಾಗಿತ್ತು.

ಹಾಗಾದರೆ ಈ ಸಂತೋಷವು ದುಃಖದ ಅಭಾವವಲ್ಲ. ದುಃಖದ ಜತೆಯಲ್ಲಿಯೇ ಇರಬಲ್ಲುದು. ಎಲ್ಲಿ ಇರುವುದು? ಪತ್ರಿಕೆಯ ಉತ್ತರವು ಒಂದು ವಿಭಕ್ತಿಪ್ರತ್ಯಯದಲ್ಲಿದೆ: ‘ಕರ್ತನಲ್ಲಿ’. ಕನ್ನಡದ ‘ಅಲ್ಲಿ’ ಪ್ರತ್ಯಯಕ್ಕೆ ‘ದೇವರಲ್ಲಿ ಭಕ್ತಿ’ ಎಂಬಂತೆ ವಿಷಯವೂ ಅರ್ಥ, ‘ಊರಿನಲ್ಲಿ ವಾಸ’ ಎಂಬಂತೆ ಅಧಿಕರಣವೂ ಅರ್ಥ. ಗ್ರೀಕಿನ ಉಪಸರ್ಗಕ್ಕೂ ಈ ಇಬ್ಬಂದಿಯುಂಟು. ಪೌಲನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದರೆ ಎರಡನೆಯದೇ ಬಲವಾದುದೆಂದು ತೋರುವುದು. ಕರ್ತನ ವಿಷಯವಾಗಿ ಸಂತೋಷಪಡಿರಿ ಎಂಬುದಕ್ಕಿಂತ ಹೆಚ್ಚಾಗಿ, ಕರ್ತನೊಳಗೆ ನಿಂತು ಸಂತೋಷಪಡಿರಿ ಎಂಬುದು ಭಾವ. ಆ ಕರ್ತನು ಎಂಥವನೆಂಬುದನ್ನು ಎರಡನೆಯ ಅಧ್ಯಾಯದ ೬ರಿಂದ ೧೧ನೆಯ ವಾಕ್ಯಗಳು ಹೇಳುತ್ತವೆ. ದೇವಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಹೊಂದಿ ಮರಣದವರೆಗೆ, ಅದರಲ್ಲಿಯೂ ಶಿಲುಬೆಯ ಮರಣದವರೆಗೆ ಇಳಿದನು. ಆದುದರಿಂದ ದೇವರು ಅವನನ್ನು ಎತ್ತಿದನು. ಈ ಭಾಗವು ಪೌಲನಿಗಿಂತ ಮೊದಲೇ ಸಭೆಗಳಲ್ಲಿ ಹಾಡುತ್ತಿದ್ದ ಸ್ತೋತ್ರವೆಂದು ಅನೇಕ ವಿದ್ವಾಂಸರ ಊಹೆ. ಶಿಲುಬೆಯು ಆಗ ದಾಸರಿಗೂ ದಂಗೆಕೋರರಿಗೂ ಕೊಡುತ್ತಿದ್ದ ನೀಚಮರಣ. ಪೌರತ್ವದ ಹೆಮ್ಮೆಯುಳ್ಳ ಫಿಲಿಪ್ಪಿಯಲ್ಲಿ ಆ ಹೆಸರೇ ಅಸಹ್ಯ. ಸಂತೋಷದ ನೆಲೆಯಾದವನು ತಾನೇ ಆ ತಳವನ್ನು ಮುಟ್ಟಿರುವನಾದರೆ, ಅವನೊಳಗೆ ನಿಂತವನಿಗೆ ಒದಗಬಹುದಾದ ಯಾವ ಕಷ್ಟವೂ ಆ ನೆಲೆಯಿಂದ ಹೊರಗಿನದಾಗಲಾರದು. ಕ್ರೈಸ್ತಸಂತೋಷವು ಬಾಳಿಕೆಯುಳ್ಳದೆಂದು ಪೌಲನು ಹೇಳುವುದಕ್ಕೆ ಕಾರಣವಿದು. ಕಷ್ಟವು ಸಣ್ಣದೆಂದಲ್ಲ; ನೆಲೆಯು ಆಳವಾದುದೆಂದು. ಮೊದಲನೆಯ ಅಧ್ಯಾಯದಲ್ಲಿ ಬದುಕನ್ನೂ ಮರಣವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಯಾವುದನ್ನು ಆರಿಸಲಿ ಎಂದು ತೊಳಲುವಾಗಲೂ ಅವನ ಸಂತೋಷವು ತೀರ್ಪಿಗಾಗಿ ಕಾದು ಕುಳಿತಿಲ್ಲ. ಈಗ ಸಂತೋಷಪಡುತ್ತೇನೆ ಎಂದು ವರ್ತಮಾನದಲ್ಲಿ ಹೇಳಿ, ಮುಂದೆಯೂ ಎಂದು ಭವಿಷ್ಯತ್ತನ್ನು ಸೇರಿಸಿದ್ದಾನೆ.

ಎರಡನೆಯ ಸಂಗತಿ, ಈ ವಿಧಿಯು ಬಹುವಚನದಲ್ಲಿದೆ. ಒಂಟಿಯಾಗಿ ನೋಯುವವನಿಗೆ ಹೊರಗೆ ನಿಂತವನು ಕೊಟ್ಟ ಅಪ್ಪಣೆಯಲ್ಲ. ಸೆರೆಯಲ್ಲಿರುವವನು ಒಂದು ಸಭೆಗೆ ಕೊಟ್ಟ ಕರೆ. ಅದರ ಹಿಂದಿನ ವಾಕ್ಯಗಳಲ್ಲಿಯೇ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಮನಸ್ತಾಪದ ಮಾತಿದೆ. ಅವರು ಸಾಮಾನ್ಯರಲ್ಲ, ಪೌಲನೊಡನೆ ದುಡಿದವರು. ಒಂದೇ ಮನಸ್ಸಿನವರಾಗಬೇಕೆಂದು ಇಬ್ಬರನ್ನೂ ಬೇರೆಬೇರೆಯಾಗಿ ಬೇಡಿಕೊಂಡಿದ್ದಾನೆ. ವ್ಯಾಖ್ಯಾನಕಾರರು ಇವರನ್ನು ಬೇಗನೆ ದಾಟಿಹೋಗುವುದು ನನಗೆ ಸರಿತೋರದು. ಇಬ್ಬರು ಮಾತುಬಿಟ್ಟಿರುವ ಮನೆಯಲ್ಲಿ ಸಂತೋಷವೆಂಬುದು ಹೇಗಿರುತ್ತದೆಂಬುದನ್ನು ಎಲ್ಲರೂ ಬಲ್ಲರು. ‘ಜತೆಯಲ್ಲಿ ಸಂತೋಷಪಡು’ ಎಂಬ ಕ್ರಿಯಾಪದವನ್ನು ಎರಡನೆಯ ಅಧ್ಯಾಯದಲ್ಲಿ ಎರಡು ಸಲ ಬಳಸಿರುವುದೂ ಆಕಸ್ಮಿಕವಲ್ಲ. ಅದು ಬರುವುದು, ತನ್ನ ರಕ್ತವು ಅವರ ಯಜ್ಞದ ಮೇಲೆ ಪಾನಾರ್ಪಣೆಯಾಗಿ ಹೊಯ್ಯಲ್ಪಟ್ಟರೂ ಎಂಬ ಭಯಂಕರವಾದ ಮಾತಿನ ಬೆನ್ನಿಗೆ.

‘ಸಂತೋಷ’ದ ಎರಡನೆಯ ಮುಖ, ಎಂದರೆ ತೃಪ್ತಿಯು, ಕಾಣುವುದು ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ. ಅದು ಸಹಾಯದ್ರವ್ಯಕ್ಕೆ ಬರೆದ ಉತ್ತರ. ಅಲ್ಲಿ ಪೌಲನು ತನ್ನನ್ನು ‘ಔತಾರ್ಕೇಸ್’ ಎಂದು ಕರೆದುಕೊಳ್ಳುತ್ತಾನೆ. ತನಗೆ ತಾನೇ ಸಾಕಾದವನು ಎಂದರ್ಥ, ಸ್ತೋಯಿಕರ ಮೆಚ್ಚಿನ ಪದ. ಇದೊಂದೇ ವಾಕ್ಯವನ್ನು ಕಿತ್ತು ತೆಗೆದರೆ ಅವನೂ ಸೆನೆಕನ ಪಕ್ಕದಲ್ಲಿ ಕುಳಿತುಬಿಡುವನು. ಆದರೆ ಮುಂದೆ ಓದಬೇಕು. ಈ ಗುಣವು ತನ್ನ ಸ್ವಭಾವವೆನ್ನದೆ, ಕಲಿತುಕೊಂಡೆನು ಎನ್ನುತ್ತಾನೆ. ಹಸಿಯುವುದಕ್ಕೂ ತುಂಬ ಉಣ್ಣುವುದಕ್ಕೂ ತನಗೆ ಉಪದೇಶವಾಗಿದೆ ಎಂಬಲ್ಲಿ ಬಳಸಿದ ಶಬ್ದವು ಗ್ರೀಕರ ರಹಸ್ಯಪೂಜೆಗಳಲ್ಲಿ ದೀಕ್ಷೆಯನ್ನು ಹೇಳುವಂಥದು, ಹಸಿವೆಯ ದೀಕ್ಷೆ! ಒಡನೆಯೇ, ತನ್ನ ಬಲವು ತನ್ನದಲ್ಲ, ತನ್ನನ್ನು ಬಲಪಡಿಸುವವನದೆಂದು ಹೇಳಿ ಆ ಪದದ ಅರ್ಥವನ್ನೇ ತಿರುಗಿಸಿಬಿಡುತ್ತಾನೆ. ಬಳಿಕ ಒಂದು ‘ಆದರೂ’: ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗಾರರಾದುದು ಒಳ್ಳೆಯದಾಯಿತು. ತನಗೆ ತಾನೇ ಸಾಕಾದವನಿಗೆ ಪಾಲುಗಾರರೇಕೆ? ಈ ‘ಆದರೂ’ ಎಂಬುದರಲ್ಲಿ ಸ್ತೋಯಿಕರ ಜ್ಞಾನಿಗೂ ಪೌಲನಿಗೂ ಇರುವ ಅಂತರವೆಲ್ಲ ಅಡಗಿದೆ. ಅವರ ಪ್ರೀತಿಯು ಮರಳಿ ಚಿಗುರಿತೆಂದು ಗಿಡದ ಮಾತಿನಲ್ಲಿ ಆರಂಭಿಸಿ, ಕೊಡುವ ತೆಗೆದುಕೊಳ್ಳುವ ಲೆಕ್ಕವೆಂದು ವರ್ತಕರ ಮಾತಿಗೆ ಇಳಿದು, ಕೊನೆಗೆ ‘ಅಪೆಖೊ’ ಎಂದು ಬರೆಯುತ್ತಾನೆ. ಈಜಿಪ್ಟಿನಲ್ಲಿ ದೊರೆತ ಹಳೆಯ ಓಲೆಗಳನ್ನು ಪರಿಶೀಲಿಸಿ ಆಡಾಲ್ಫ್ ಡೈಸ್‌ಮನ್ನರು ೧೯೦೮ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಅದು ರಸೀತಿಗಳ ಮಾತು. ನಮ್ಮಲ್ಲಿ ‘ಮುಟ್ಟಿತು’ ಎಂದು ಬರೆದು ರುಜುಹಾಕುವಂತೆ. ಆ ಅಂಗಡಿಯ ಮಾತಿನ ಬೆನ್ನಿಗೇ, ಆ ದ್ರವ್ಯವು ದೇವರಿಗೆ ಸುಗಂಧದ ಯಜ್ಞವೆಂದು ಹೇಳಿದ್ದಾನೆ. ಉಪಕಾರವನ್ನು ಪಡೆದವನ ಸಂಕೋಚವೂ ನಲಿವೂ ಮಾನವೂ ಒಂದರೊಡನೊಂದು ಹೆಣೆದುಕೊಂಡಿರುವ ಇಂಥ ಗದ್ಯವು ಹಳೆಯ ಗ್ರೀಕ್ ಓಲೆಗಳಲ್ಲಿ ವಿರಳ.

ಈ ಉಪದೇಶವು ಸುಲಭವೆಂದು ಯಾರೂ ತಿಳಿಯಬಾರದು. ಪತ್ರಿಕೆಯನ್ನು ಕುರಿತು ಹದಿನೈದು ಉಪನ್ಯಾಸಗಳನ್ನು ಮಾಡಿದ ಯೋಹಾನ ಕ್ರಿಸೋಸ್ತೊಮನಿಗೆ ಅದನ್ನು ತಾನೇ ಬದುಕಿ ನೋಡುವ ಪ್ರಸಂಗವು ಬಂದಿತು. ಅವನು ೩೯೮ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ಪನಾಗಿ, ೪೦೪ರಲ್ಲಿ ಅರಮನೆಯ ಕೋಪಕ್ಕೂ ಸಹೋದ್ಯೋಗಿಗಳ ದ್ವೇಷಕ್ಕೂ ಗುರಿಯಾಗಿ, ಆರ್ಮೇನಿಯದ ಗಡಿಯ ಬೆಟ್ಟಗಳಲ್ಲಿರುವ ಕುಕೂಸಸ್ ಎಂಬ ಊರಿಗೆ ಗಡಿಪಾರಾದನು. ಅಲ್ಲಿಂದ ಒಲಿಂಪಿಯಳೆಂಬ ಸಭಾಸೇವಕಿಗೆ ಅವನು ಬರೆದ ಹದಿನೇಳು ಓಲೆಗಳು ಉಳಿದಿವೆ. ಆಕೆ ತನ್ನ ದೊಡ್ಡ ಆಸ್ತಿಯನ್ನು ದಾನಮಾಡಿದ ವಿಧವೆ. ಅವನ ಪಕ್ಷವನ್ನು ಬಿಡದುದರಿಂದ ಕಷ್ಟಕ್ಕೊಳಗಾಗಿ, ರೋಗದಿಂದ ನರಳಿ, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಕುಗ್ಗಿಹೋಗಿದ್ದಳು. ಆ ಕುಗ್ಗನ್ನು ಕ್ರಿಸೋಸ್ತೊಮನು ಹಗುರವಾಗಿ ಕಾಣಲಿಲ್ಲ. ಮರಣಕ್ಕಿಂತಲೂ ಕ್ರೂರವಾದ ಹಿಂಸೆ ಅದು, ಮನಸ್ಸನ್ನು ಬಿಡದೆ ಕೊಲ್ಲುವ ಕಟುಕ ಎಂಬ ಅರ್ಥದಲ್ಲಿ ಪುಟಗಟ್ಟಲೆ ಬರೆದನು. ಅದರಿಂದ ಮೇಲೇಳುವುದೇ ಒಂದು ತಪಸ್ಸು, ಪ್ರತಿದಿನವೂ ಮಾಡಬೇಕಾದ ಕೆಲಸ ಎಂಬುದು ಅವನ ನಿಲುವು.

ತನ್ನ ಸ್ಥಿತಿಯನ್ನೂ ಅವನು ಬಣ್ಣಹಚ್ಚಿ ಬರೆಯಲಿಲ್ಲ. ಒಂದು ಚಳಿಗಾಲದಲ್ಲಿ ಹಾಸಿಗೆಯಿಂದ ಏಳಲಾರದೆ, ಕೋಣೆಯಲ್ಲಿ ಬೆಂಕಿಯಿಟ್ಟು ಹೊಗೆಯನ್ನು ಕುಡಿದು, ತಲೆನೋವು, ವಾಂತಿ, ಅರುಚಿ, ನಿದ್ರೆಯಿಲ್ಲದ ರಾತ್ರಿಗಳು ಇವನ್ನೆಲ್ಲ ಒಂದೊಂದಾಗಿ ತಿಳಿಸಿದ್ದಾನೆ. ಇಸೌರಿಯದ ಕಳ್ಳರ ಹಾವಳಿಯಿಂದ ಅರಬಿಸ್ಸಸ್ ಕೋಟೆಗೆ ಓಡಬೇಕಾಯಿತು. ಇಷ್ಟರ ನಡುವೆ ಅವನ ಮಾತಿನಲ್ಲಿ ಉಲ್ಲಾಸವು ಮರಳಿ ಮರಳಿ ಬರುತ್ತದೆ. ಚಳಿ ಹೋಯಿತು, ಈಗ ನೆಟ್ಟಗಿದ್ದೇನೆ, ನೀನು ಚಿಂತಿಸಬೇಡ ಎಂಬಂಥ ಸಣ್ಣ ಮಾತುಗಳಲ್ಲಿ. ದೊಡ್ಡ ಉಪನ್ಯಾಸಗಳಿಗಿಂತ ಈ ಸಣ್ಣ ಮಾತುಗಳಲ್ಲಿಯೇ ಎಪಫ್ರೊದೀತನ ಚಿಂತೆಯು ನನಗೆ ಮತ್ತೆ ಕೇಳಿಬರುವುದು. ಅವನ ಓಲೆಗಳಿಂದ ಜನರು ಧೈರ್ಯಗೊಳ್ಳುತ್ತಿದ್ದುದನ್ನು ಕಂಡು ಶತ್ರುಗಳು ಅವನನ್ನು ಇನ್ನೂ ದೂರಕ್ಕೆ, ಕಪ್ಪುಸಮುದ್ರದ ಪೂರ್ವತೀರದ ಪಿತ್ಯೂಸಿಗೆ ಸಾಗಿಸುವಂತೆ ಆಜ್ಞೆಮಾಡಿಸಿದರು. ಮಳೆಬಿಸಿಲುಗಳಲ್ಲಿ ನಡೆಯಿಸಿಕೊಂಡು ಹೋಗುತ್ತಿರಲು ದಾರಿಯಲ್ಲಿ ಕೊಮಾನ ಎಂಬಲ್ಲಿ ೪೦೭ನೆಯ ಸಪ್ಟೆಂಬರ್ ೧೪ರಂದು ಅವನು ತೀರಿಕೊಂಡನು. ಒಲಿಂಪಿಯಳು ಅವನಿಗೆ ಬರೆದ ಉತ್ತರಗಳಲ್ಲಿ ಒಂದೂ ಉಳಿದುಬಂದಿಲ್ಲ. ಆಕೆಯ ದುಃಖವು ಎಷ್ಟು ಕಡಮೆಯಾಯಿತೆಂಬುದನ್ನು ಅವನ ಓಲೆಗಳ ಸಾಲುಗಳಿಂದಲೇ ನಾವು ಊಹಿಸಿಕೊಳ್ಳಬೇಕಾಗಿದೆ.